ಹದಿನೆಂಟು-ಎಂಟರ ಲೆಕ್ಕ ಕನ್ನಡದಲ್ಲೇ ಹಾಕಿ!

(ದಾವಣಗೆರೆಯಲ್ಲಿ ಕನ್ನಡ ಯುವಕರ ಮುಂದೆ ಆಡಿದ ಮಾತುಗಳ ಬರಹರೂಪ)



ದಾವಣಗೆರೆ ಎಂದ ಕೂಡಲೇ ಬೆಂಗಳೂರಿನವರ ಬಾಯಲ್ಲಿ ನೀರೂರುತ್ತದೆ. ಬೆಣ್ಣೆ ದೋಸೆ, ಮಂಡಕ್ಕಿ, ಮಿರ್ಚಿ! ಹರಿಹರ ಎಂದರೆ ಹೊಳೆ, ಹರಿಹರೇಶ್ವರನ ಗುಡಿ, ರೈಲು ನಿಲ್ಲುವ ಸ್ಟೇಷನ್. ಅಲ್ಲಿಗೆ ಮುಗಿಯಿತು. ಇದೇ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಹುಟ್ಟಿತು, ಯಂತ್ರಪುರ ಎಂಬ ಹೆಸರಿನ ಬಡಾವಣೆಯೇ ಎದ್ದು ನಿಂತಿತು, ಇಲ್ಲಿ ಎರಕ ಹೊಯ್ದು ಕಡೆದು ಜೋಡಿಸಿದ ‘ಎಂಟರ್‌ಪ್ರೈಸ್’, ‘ಟರ್ನ್‌ಮಾಸ್ಟರ್’ ಲೇತುಗಳು ದೇಶದ ಮೂಲೆಮೂಲೆಯ ವರ್ಕ್‌ಶಾಪುಗಳಲ್ಲಿ ತಿರುಗಿದವು ಎಂಬುದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಕೈ ಎತ್ತಿ ನೋಡೋಣ. ಹೌದು, ನಾಲ್ಕೇ ಕೈ!

ಆ ಕಂಪನಿ ಹೊಸ ಶತಮಾನದ ಹೊಸ್ತಿಲಲ್ಲಿ ಬಾಗಿಲು ಹಾಕಿತು. ಅದರ ಕಥೆ ಹೇಳಿ ಕಣ್ಣೀರು ಹಾಕಿಸಲು ನಾನು ಬಂದಿಲ್ಲ. ದೊಡ್ಡ ಕಂಪನಿ ಮುಚ್ಚಿದಾಗ ಗೇಟಿಗೆ ಬೀಗ ಬೀಳುತ್ತದೆ. ಕೈಯಲ್ಲಿದ್ದ ಕಸುಬಿಗೆ ಬೀಗ ಹಾಕುವವರು ಯಾರು? ಮರಳಿನಲ್ಲಿ ಅಚ್ಚು ಕಟ್ಟುವುದು, ಲೋಹ ಕರಗಿಸುವುದು, ಎರಕ ಹೊಯ್ಯುವುದು, ಹೊಯ್ದದ್ದನ್ನು ಲೇತಿಗೆ ಏರಿಸಿ ಕಡೆಯುವುದು ಗೊತ್ತಿದ್ದವನು ಹೊಟ್ಟೆಪಾಡಿಗೆ ಆ ಕೈಯನ್ನೇ ನಂಬಬೇಕು. ಇವತ್ತು ನಾನು ಮಾತಾಡುವುದು ಅಂಥ ಸಣ್ಣ ಫೌಂಡ್ರಿಗಳ ಬಗ್ಗೆ. ಅದರಲ್ಲೂ ಒಂದೇ ಒಂದು ವಿಷಯ: ಕುಲುಮೆಯಲ್ಲಿ ಕರಗಿ ಕುದಿಯುತ್ತಿರುವ ಸ್ಟೇನ್‌ಲೆಸ್ ಸ್ಟೀಲಿನ ಹದವನ್ನು ಹೊಯ್ಯುವ ಮುಂಚೆ ಸರಿಪಡಿಸುವುದು ಹೇಗೆ?

‘ಕನ್ನಡ ಚಳವಳಿಗೂ ಸ್ಟೇನ್‌ಲೆಸ್ ಸ್ಟೀಲಿಗೂ ಏನು ಸಂಬಂಧ?’ ಎಂದು ಹಿಂದಿನ ಸಾಲಿನವರು ಪಿಸುಗುಟ್ಟುತ್ತಿರುವುದು ನನಗೆ ಕೇಳಿಸುತ್ತಿದೆ. ತಾಳಿ. ಸಂಬಂಧವಿದೆ, ಹೇಳುತ್ತೇನೆ.

ಮೊದಲು ಮನೆಯ ಪಾತ್ರೆಯಿಂದ ಶುರು ಮಾಡೋಣ. ಅಂಗಡಿಯವನು ‘ಇದು 18-8 ಸ್ಟೀಲು ಕಣಮ್ಮ, ಅಸಲಿ ಮಾಲು’ ಎಂದು ಹೇಳಿ ನಿಮ್ಮ ತಾಯಿಗೆ ಡಬರಿ ಮಾರುತ್ತಾನಲ್ಲ, ಏನದು 18-8? ನೂರು ಕಿಲೋ ಲೋಹದಲ್ಲಿ 18 ಕಿಲೋ ಕ್ರೋಮಿಯಂ, 8 ಕಿಲೋ ನಿಕಲ್, ಮಿಕ್ಕಿದ್ದು ಬಹುಪಾಲು ಕಬ್ಬಿಣ. ಕಬ್ಬಿಣಕ್ಕೆ ಸುಮಾರು ಶೇ. 11ಕ್ಕಿಂತ ಹೆಚ್ಚು ಕ್ರೋಮಿಯಂ ಬೆರೆತರೆ ಅದು ಗಾಳಿಯ ಆಮ್ಲಜನಕವನ್ನು ಹಿಡಿದುಕೊಂಡು ಲೋಹದ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟುತ್ತದೆ. ಗೀರಿದರೂ ಮತ್ತೆ ಕಟ್ಟಿಕೊಳ್ಳುತ್ತದೆ. ತುಕ್ಕು ಒಳಗೆ ಬರದಂತೆ ಕಾಯುವ ಕಾವಲುಗಾರ ಆ ಪೊರೆ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಸುಮಾರು ಶೇ. 13 ಕ್ರೋಮಿಯಂ ಇದ್ದ ಉಕ್ಕು ಕರಗಿಸಿದ. ಅದೇ ಕಾಲಕ್ಕೆ ಜರ್ಮನಿಯ ಕ್ರುಪ್ ಕಂಪನಿಯಲ್ಲಿ ನಿಕಲ್ಲೂ ಸೇರಿದ ಉಕ್ಕಿಗೆ ಪೇಟೆಂಟು ಮಾಡಿಸಿದರು. ನಮ್ಮ ಅಡುಗೆಮನೆಯ 18-8ರ ವಂಶ ಅಲ್ಲಿಂದ ಬಂದದ್ದು.

ಇನ್ನೊಂದು ವಿಷಯ ನೆನಪಿಡಿ. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬವನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಹಿಂದೂಸ್ತಾನದ ‘ವೂಟ್ಜ್’ ಎಂಬ ಉಕ್ಕಿನ ಬಗ್ಗೆ ಪ್ರಬಂಧ ಓದಿದ. ಆ ‘ವೂಟ್ಜ್’ ಬೇರೇನಲ್ಲ, ನಮ್ಮ ‘ಉಕ್ಕು’ ಎಂಬ ಮಾತೇ ಬಿಳಿಯರ ಬಾಯಲ್ಲೋ ಬರಹದಲ್ಲೋ ಸೊಟ್ಟಗಾದದ್ದು ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಆಮೇಲೆ ಮೈಕೆಲ್ ಫ್ಯಾರಡೆಯಂಥವನು ಇದೇ ವೂಟ್ಜ್ ಹಿಡಿದು ಪರೀಕ್ಷೆಗೆ ಕೂತು, ಉಕ್ಕಿಗೆ ಬೇರೆ ಬೇರೆ ಲೋಹ ಬೆರೆಸುವ ಪ್ರಯೋಗಗಳಿಗೆ ಇಳಿದ. ಚಪ್ಪಾಳೆ ಬೇಡ! ಇದನ್ನೇ ಹೇಳಿಕೊಂಡು ಎದೆ ತಟ್ಟಿದರೆ ಕುಲುಮೆ ಕಾಯುವುದಿಲ್ಲ.

ಈಗ ಕುಲುಮೆಗೆ ಬರೋಣ. ಕಿರ್ಲೋಸ್ಕರ್ ಲೇತಿನ ಮೈ ಬೀಡುಕಬ್ಬಿಣದ್ದು. ಬೀಡಿನಲ್ಲಿ ಕಾರ್ಬನ್ ಶೇ. 3ಕ್ಕಿಂತ ಮೇಲೆ. ಅಲ್ಲಿ ಕಾರ್ಬನ್ ನಂಟ. ಅದು ಇದ್ದರೇ ಲೋಹ ಸುಲಭವಾಗಿ ಕರಗುತ್ತದೆ, ಅಚ್ಚಿನ ಸಂದಿಗೊಂದಿಗೆ ಹರಿಯುತ್ತದೆ. ಸ್ಟೇನ್‌ಲೆಸ್ ಎರಕದಲ್ಲಿ ಲೆಕ್ಕ ಉಲ್ಟಾ. 18-8ಕ್ಕೆ ಎರಕದ ಲೋಕದಲ್ಲಿ ಇಟ್ಟ ಹೆಸರು ಸಿಎಫ್8. ಅದರ ಕಟ್ಟಳೆ ಹೀಗಿದೆ: ಕ್ರೋಮಿಯಂ ಶೇ. 18ರಿಂದ 21, ನಿಕಲ್ 8ರಿಂದ 11, ಮ್ಯಾಂಗನೀಸ್ 1.5ರ ಒಳಗೆ, ಸಿಲಿಕಾನ್ 2ರ ಒಳಗೆ, ಗಂಧಕ ಮತ್ತು ರಂಜಕ ತಲಾ 0.04ರ ಒಳಗೆ. ಕಾರ್ಬನ್? 0.08ರ ಒಳಗೆ! ಬೀಡಿನಲ್ಲಿ ಇರುವುದರ ನಲವತ್ತನೇ ಒಂದು ಪಾಲು. ಬೀಡು ಕರಗಿಸಿ ತಲೆ ನೆರೆತವನೂ ಇಲ್ಲಿ ಮತ್ತೆ ಓನಾಮದಿಂದ ಕಲಿಯಬೇಕು.

ದೊಡ್ಡ ಉಕ್ಕಿನ ಕಾರ್ಖಾನೆಯವರಿಗೆ ಕಾರ್ಬನ್ ಹೆಚ್ಚಾದರೆ ಚಿಂತೆಯಿಲ್ಲ. ಕರಗಿದ ಲೋಹಕ್ಕೆ ಆರ್ಗಾನ್ ಮತ್ತು ಆಮ್ಲಜನಕ ಊದುತ್ತಾರೆ, ಕ್ರೋಮಿಯಂ ಉಳಿಯುತ್ತದೆ, ಕಾರ್ಬನ್ ಸುಟ್ಟು ಹೋಗುತ್ತದೆ. 1960ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಈ ವಿಧಾನ ಜಗತ್ತಿನ ಸ್ಟೇನ್‌ಲೆಸ್ ಉದ್ಯಮವನ್ನೇ ಬದಲಿಸಿತು. ಸಣ್ಣ ಫೌಂಡ್ರಿಯಲ್ಲಿ ಇರುವುದೇನು? 250 ಕಿಲೋ, 300 ಕಿಲೋ, ಹೆಚ್ಚೆಂದರೆ 500 ಕಿಲೋ ಹಿಡಿಯುವ ಇಂಡಕ್ಷನ್ ಫರ್ನೇಸು. ತಾಮ್ರದ ಸುರುಳಿಯಲ್ಲಿ ಕರೆಂಟು ಹರಿದರೆ ಒಳಗಿನ ಲೋಹ ತಾನೇ ಕಾದು ಕರಗುತ್ತದೆ. ಬೆಂಕಿ ಇಲ್ಲ, ಹೊಗೆ ಕಡಿಮೆ, ಅಚ್ಚುಕಟ್ಟು. ಆದರೆ ಅದು ಕರಗಿಸುವ ಪಾತ್ರೆ ಅಷ್ಟೇ, ಶುದ್ಧ ಮಾಡುವ ಪಾತ್ರೆ ಅಲ್ಲ. ಒಳಗೆ ಹೋದ ಕಾರ್ಬನ್, ಗಂಧಕ, ರಂಜಕ ಹೊರಗೆ ಬರುವ ಮಾತೇ ಇಲ್ಲ. ಏನು ಹಾಕಿದಿರೋ ಅದನ್ನೇ ಉಣ್ಣಬೇಕು.

ಹಾಗಾಗಿ ಈ ಕಸುಬು ಶುರುವಾಗುವುದು ಗುಜರಿಯ ರಾಶಿಯ ಮುಂದೆ. ಹರಿಹರದಂಥ ಲೇತುಗಳ ಊರಿನಲ್ಲಿ ಸ್ಟೇನ್‌ಲೆಸ್ ಚೂರು, ಸುರುಳಿ ಕೈಗೆ ಎಟುಕುವ ಮಾಲು. ಸುಲಭವಾಗಿ ಸಿಕ್ಕಿತು ಎಂದು ತುಂಬಿಕೊಂಡು ಬಂದಿರೋ, ಕೆಟ್ಟಿರಿ! ಸುರುಳಿಗೆ ಹತ್ತಿದ ಕಟಿಂಗ್ ಆಯಿಲ್ಲು ಕಾರ್ಬನ್ನಾಗಿ ಲೋಹಕ್ಕೆ ಸೇರುತ್ತದೆ. ಇನ್ನು 303 ಎಂಬ ಜಾತಿ ಇದೆ, ನೋಡಲು 304ರ ಅವಳಿ. ಲೇತಿನಲ್ಲಿ ಸಲೀಸಾಗಿ ಕಡೆಯಲಿ ಎಂದು ಅದಕ್ಕೆ ಬೇಕೆಂದೇ ಗಂಧಕ ಬೆರೆಸಿರುತ್ತಾರೆ, ಶೇ. 0.15ಕ್ಕೆ ಕಡಿಮೆಯಿಲ್ಲ. ಶೇ. 0.20 ಗಂಧಕದ ಇಂಥ ಮಾಲು 300 ಕಿಲೋ ಚಾರ್ಜಿನಲ್ಲಿ 60 ಕಿಲೋ ನುಸುಳಿತು ಅನ್ನಿ. ಬೇರೆ ಮಾಲಿನ ಗಂಧಕ ಲೆಕ್ಕಕ್ಕೆ ಹಿಡಿಯದೆಯೇ 0.04ರ ಮಿತಿ ಮುಟ್ಟಿಬಿಟ್ಟಿತು! ಪಾತ್ರೆಯ ಗುಜರಿಯಲ್ಲಿ 202 ಜಾತಿ ಬರುತ್ತದೆ. ಅದರಲ್ಲಿ ನಿಕಲ್ ಅರ್ಧ, ಬದಲಿಗೆ ಮ್ಯಾಂಗನೀಸ್ ಶೇ. 7.5ರಿಂದ 10. ಅದೂ 60 ಕಿಲೋ ಸೇರಿದರೆ ಮ್ಯಾಂಗನೀಸ್ ಮಿತಿ ಮೀರಿತು. ಅಯಸ್ಕಾಂತ ಹಿಡಿದು ನೋಡಿದರೆ 202 ಅಂಟುವುದಿಲ್ಲ, 303 ಅಂಟುವುದಿಲ್ಲ, 304 ಅಂಟುವುದಿಲ್ಲ. ಮೂರೂ ಸಂಭಾವಿತರ ಹಾಗೆ ಸುಮ್ಮನೆ ನಿಂತಿರುತ್ತವೆ.

ಮತ್ತೆ ಒಂದು ಎಚ್ಚರಿಕೆ. ಒದ್ದೆ ಗುಜರಿ, ಎರಡೂ ತುದಿ ಮುಚ್ಚಿದ ಪೈಪು ಕರಗಿದ ಲೋಹಕ್ಕೆ ಬಿದ್ದರೆ ಒಳಗಿನ ನೀರು ಒಮ್ಮೆಗೇ ಆವಿಯಾಗಿ ಸಿಡಿಯುತ್ತದೆ. 1600 ಡಿಗ್ರಿಯ ಉಕ್ಕು ಮುಖಕ್ಕೆ ಎರಚುತ್ತದೆ. ಸೇರಿಸುವ ಲೋಹದ ತುಂಡುಗಳನ್ನು ಮೊದಲು ಕಾಯಿಸಿ ಒಣಗಿಸುವುದು ಪುಸ್ತಕದ ಶಾಸ್ತ್ರ ಅಲ್ಲ, ಕಣ್ಣು ಉಳಿಸಿಕೊಳ್ಳುವ ದಾರಿ. ಹೊಗೆಯಲ್ಲಿ ಕ್ರೋಮಿಯಂ ಇರುತ್ತದೆ, ಮರಳಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಎರಡೂ ಶ್ವಾಸಕೋಶ ತಿನ್ನುತ್ತವೆ. ಹೊಗೆ ಎಳೆಯುವ ಫ್ಯಾನು, ಮಾಸ್ಕು ಕೇಳಿದರೆ ‘ಇಷ್ಟು ವರ್ಷ ಎಲ್ಲರೂ ಹೀಗೇ ಮಾಡಿದ್ದು’ ಎಂದು ಗೊಣಗುವ ಮಾಲೀಕರಿದ್ದಾರೆ. ಅಂಥವರ ಹತ್ತಿರ ಕೆಲಸಕ್ಕೆ ನಿಲ್ಲಬೇಡಿ.

ಮಾಲು ಹಾಕುವುದಕ್ಕೂ ಒಂದು ಸರದಿ ಇದೆ. ನಿಕಲ್ ಮತ್ತು ಮಾಲಿಬ್ಡಿನಂ ಆಮ್ಲಜನಕಕ್ಕೆ ಅಷ್ಟಾಗಿ ಸೋಲುವುದಿಲ್ಲ. ಮೊದಲೇ ಚಾರ್ಜಿನ ಜೊತೆ ಹಾಕಬಹುದು. ಕ್ರೋಮಿಯಂ ಹಾಗಲ್ಲ, ಗಾಳಿ ಕಂಡರೆ ಸುಟ್ಟು ಕಿಟ್ಟವಾಗಿ ಮೇಲೆ ತೇಲುತ್ತದೆ. ಆದ್ದರಿಂದ ಫೆರೋಕ್ರೋಮ್ ತಡವಾಗಿ, ಮ್ಯಾಂಗನೀಸ್ ಮತ್ತು ಸಿಲಿಕಾನ್ ಕೊಟ್ಟಕೊನೆಗೆ. ಪಾತ್ರೆಯನ್ನು ತುಕ್ಕಿನಿಂದ ಕಾಯುವುದು ಯಾವ ಗುಣವೋ ಅದೇ ಗುಣ ಕುಲುಮೆಯಲ್ಲಿ ನಮ್ಮ ದುಡ್ಡು ಸುಡುತ್ತದೆ. ಕ್ರೋಮಿಯಂಗೆ ಆಮ್ಲಜನಕದ ಮೇಲಿರುವ ಮೋಹ ಅಂಥದ್ದು.

ಈಗ ಅಸಲಿ ವಿಷಯ. ಪೆನ್ನು ಇದ್ದವರು ತೆಗೆಯಿರಿ. ಇದನ್ನು ಬರೆದುಕೊಳ್ಳದೆ ಕೇಳಿದರೆ ಪ್ರಯೋಜನವಿಲ್ಲ.

ಕುಲುಮೆಯಲ್ಲಿ 300 ಕಿಲೋ ಕರಗಿದೆ. ಚಮಚದಲ್ಲಿ ಎತ್ತಿ ಸಣ್ಣ ಬಿಲ್ಲೆ ಹೊಯ್ದು ಸ್ಪೆಕ್ಟ್ರೋಮೀಟರಿಗೆ ಕಳಿಸಿದಿರಿ. ವರದಿ ಬಂತು: ಕ್ರೋಮಿಯಂ 17.2, ನಿಕಲ್ 8.3, ಕಾರ್ಬನ್ 0.05. ಕ್ರೋಮಿಯಂ 18 ಇರಬೇಕಿತ್ತು, ಸಾಲದು. ಗೆರೆಯ ಮೇಲೆ ನಿಲ್ಲುವುದು ಬೇಡ, 18.8ಕ್ಕೆ ಗುರಿ ಇಡೋಣ. ಕೈಯಲ್ಲಿರುವ ಫೆರೋಕ್ರೋಮಿನಲ್ಲಿ ಶೇ. 65 ಕ್ರೋಮಿಯಂ ಇದೆ. ಹಾಕಿದ್ದರಲ್ಲಿ ನೂರಕ್ಕೆ 95 ಪಾಲು ಲೋಹಕ್ಕೆ ಸೇರುತ್ತದೆ, ಮಿಕ್ಕಿದ್ದು ಕಿಟ್ಟಕ್ಕೆ. ಅಂದರೆ ನಿಜವಾಗಿ ಸಿಗುವುದು ಶೇ. 61.75. ಎಷ್ಟು ಕಿಲೋ ಹಾಕಬೇಕು?

ಆತುರದವನು ಹೇಳುತ್ತಾನೆ: ‘ಕಡಿಮೆ ಇರೋದು 1.6. ಮುನ್ನೂರರಲ್ಲಿ ಅದು 4.8 ಕಿಲೋ. ಅದನ್ನು 0.6175ರಿಂದ ಭಾಗಿಸಿ, 7.8 ಕಿಲೋ. ಹಾಕ್ರೀ!’ ಹಾಕಿ ನೋಡಿ, ಕ್ರೋಮಿಯಂ 18.3ಕ್ಕೇ ನಿಲ್ಲುತ್ತದೆ. ಅರ್ಧ ಪರ್ಸೆಂಟು ಎಲ್ಲಿ ಹೋಯಿತು? ಯಾರೂ ಕದಿಯಲಿಲ್ಲ. ನೀವು ಹಾಕಿದ 7.8 ಕಿಲೋ ಬಂದು ಕುಲುಮೆಯ ತೂಕವನ್ನೇ 307.8 ಮಾಡಿತು. ಬಂದ ಲೋಹಕ್ಕೂ ತನ್ನ ಪಾಲಿನ 18.8 ಬೇಕಲ್ಲ! ಬುತ್ತಿ ಕಟ್ಟಿಕೊಂಡು ಜಾತ್ರೆಗೆ ಬಂದವನು ಮೊದಲು ತಾನು ಉಂಡು, ಮಿಕ್ಕಿದ್ದನ್ನು ತಾನೇ ಹಂಚುವುದು? ಹಾಗಾಗಿ ಭಾಗಿಸಬೇಕಾದ್ದು 61.75ರಿಂದಲ್ಲ, 61.75ರಲ್ಲಿ 18.8 ಕಳೆದು ಉಳಿದ 42.95ರಿಂದ. 300ನ್ನು 1.6ರಿಂದ ಗುಣಿಸಿದರೆ 480. 480ನ್ನು 42.95ರಿಂದ ಭಾಗಿಸಿದರೆ 11.2 ಕಿಲೋ. ಇದು ಸರಿಯಾದ ಲೆಕ್ಕ. ಏಳನೇ ಕ್ಲಾಸಿನ ಗಣಿತ. ಇದಕ್ಕೆ ಇಂಗ್ಲಿಷ್ ಬೇಕೇ?

ಮುಗಿಯಿತೇ? ಇಲ್ಲ. 11.2 ಕಿಲೋ ಫೆರೋಕ್ರೋಮಿನಲ್ಲಿ ನಿಕಲ್ ಇಲ್ಲ. ಮೊದಲಿದ್ದ 24.9 ಕಿಲೋ ನಿಕಲ್ ಈಗ 311.2 ಕಿಲೋಗೆ ಹಂಚಿಹೋಯಿತು. 8.3 ಇದ್ದದ್ದು ಸರಿಯಾಗಿ 8.0! ಗೆರೆಯ ತುದಿಗೆ ಬಂದು ನಿಂತಿತು. ಮತ್ತೆ 1.75 ಕಿಲೋ ನಿಕಲ್ ಹಾಕಿದರೆ 8.5 ಆಗುತ್ತದೆ. ಅದು ಸೇರಿದ್ದಕ್ಕೆ ಕ್ರೋಮಿಯಂ ಚೂರು ಇಳಿದು 18.7ಕ್ಕೆ ಬರುತ್ತದೆ, ಪರವಾಗಿಲ್ಲ. ಒಂದನ್ನು ಸರಿಮಾಡಲು ಹೋದರೆ ಇನ್ನೊಂದು ಜಾರುತ್ತದೆ, ನೆನಪಿರಲಿ. ಎಲ್ಲವನ್ನೂ ಒಟ್ಟಿಗೆ ಲೆಕ್ಕ ಹಾಕಿ ಒಂದೇ ಸಲಕ್ಕೆ ಹಾಕುವವನು ಮೆಲ್ಟರ್. ಬಿಡಿಬಿಡಿಯಾಗಿ ಹಾಕಿ, ಮತ್ತೆ ಮತ್ತೆ ಸ್ಯಾಂಪಲ್ ಕಳಿಸುವವನು ಕರೆಂಟು ಬಿಲ್ಲು ಕಟ್ಟುವವನು. ಕಾದಷ್ಟೂ ಕ್ರೋಮಿಯಂ ಸುಡುತ್ತದೆ, ಕುಲುಮೆಯ ಒಳಗೋಡೆ ಸವೆಯುತ್ತದೆ.

ಇನ್ನು ಕಾರ್ಬನ್. ಫೆರೋಕ್ರೋಮಿನಲ್ಲಿ ಎರಡು ಜಾತಿ. ಹೈ ಕಾರ್ಬನ್ ಅಗ್ಗ, ಅದರಲ್ಲಿ ಕಾರ್ಬನ್ ಶೇ. 6ರಿಂದ 8. ಲೋ ಕಾರ್ಬನ್ ದುಬಾರಿ, ಅದರಲ್ಲಿ ಶೇ. 0.1ರ ಆಸುಪಾಸು. ‘ಕ್ರೋಮಿಯಂ ಎರಡರಲ್ಲೂ ಒಂದೇ ಅಲ್ಲವೇನ್ರೀ, ಅಗ್ಗದ್ದು ತರಿಸಿ’ ಎಂದು ಮಾಲೀಕ ಹೇಳಿದ, ನೀವು ಹಾಕಿದಿರಿ ಅನ್ನಿ. ಶೇ. 7ರ ಲೆಕ್ಕದಲ್ಲಿ 11.2 ಕಿಲೋದಲ್ಲಿ 784 ಗ್ರಾಂ ಕಾರ್ಬನ್. ಕುಲುಮೆಯಲ್ಲಿ ಮೊದಲೇ ಇದ್ದದ್ದು 150 ಗ್ರಾಂ. ಕೂಡಿದರೆ 934 ಗ್ರಾಂ, ಅಂದರೆ ಶೇ. 0.30. ಮಿತಿ ಎಷ್ಟು? 0.08! ಈಗ ಇದನ್ನು ಕಾರ್ಬನ್ ಇಲ್ಲದ ಮಾಲು ಬೆರೆಸಿ ತೆಳು ಮಾಡಬೇಕಾದರೆ ಒಟ್ಟು ಲೋಹ 1,160 ಕಿಲೋ ದಾಟಬೇಕು. 300 ಕಿಲೋ ಕುಲುಮೆಯಲ್ಲಿ! ದುಬಾರಿಯದೇ ಹಾಕಿದ್ದರೆ ಸೇರುತ್ತಿದ್ದದ್ದು 11 ಗ್ರಾಂ.

‘ಚೂರು ಕಾರ್ಬನ್ ಹೆಚ್ಚಾದರೆ ಏನು ಮುಳುಗಿಹೋಗುತ್ತದೆ?’ ಎಂದು ಕೇಳುವವರಿದ್ದಾರೆ. ಮೇಲೆ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಫಳಫಳ ಹೊಳೆಯುತ್ತದೆ. ಆದರೆ ಲೋಹ 850ರಿಂದ 450 ಡಿಗ್ರಿಗೆ ನಿಧಾನವಾಗಿ ತಣಿಯುವಾಗ, ಅಥವಾ ಆಮೇಲೆ ಬೆಸುಗೆ ಹಾಕುವಾಗ, ಕಾರ್ಬನ್ ಕಾಳುಕಾಳಿನ ಅಂಚಿಗೆ ಹೋಗಿ ಅಲ್ಲಿನ ಕ್ರೋಮಿಯಮನ್ನು ಕಟ್ಟಿಹಾಕುತ್ತದೆ. ಅಂಚಿನ ಪಕ್ಕದ ಲೋಹಕ್ಕೆ ಪೊರೆ ಕಟ್ಟಲು ಕ್ರೋಮಿಯಂ ಸಾಲುವುದಿಲ್ಲ. ಆಸಿಡ್ಡು ಆ ಸಂದಿಯಲ್ಲೇ ಹೊಕ್ಕು ಕೊರೆಯುತ್ತದೆ. ಹೊಳೆಯಾಚೆ ಕುಮಾರಪಟ್ಟಣದಲ್ಲಿ ಮರದ ತಿರುಳು ಮಾಡುವ, ವಿಸ್ಕೋಸ್ ನಾರು ಮಾಡುವ ದೊಡ್ಡ ಗಿರಣಿಗಳಿವೆ. ಅಂಥ ಗಿರಣಿಗಳ ಕೆಲಸದಲ್ಲಿ ಗಂಧಕಾಮ್ಲ, ಕ್ಷಾರ, ಬ್ಲೀಚು ಎಲ್ಲವೂ ಓಡಾಡುತ್ತವೆ. ಅಲ್ಲಿನ ಪಂಪಿನ ಇಂಪೆಲ್ಲರ್, ವಾಲ್ವಿನ ಮೈ ಒಳಗೊಳಗೇ ಕೊಳೆತು ಒಡೆದರೆ ಆ ಆಸಿಡ್ಡು ಚಿಮ್ಮುವುದು ಯಾರ ಮೈಮೇಲೆ? ಫೌಂಡ್ರಿ ಮಾಲೀಕನ ಮೇಲಲ್ಲ, ಪಾಳಿಯಲ್ಲಿ ನಿಂತ ಫಿಟ್ಟರನ ಮೇಲೆ. ಅದಕ್ಕೇ ಸಿಎಫ್8 ಎರಕವನ್ನು ಮತ್ತೆ 1040 ಡಿಗ್ರಿಗೆ ಮೇಲೆ ಕಾಯಿಸಿ, ಅಲ್ಲೇ ಹಿಡಿದಿಟ್ಟು, ದಡಕ್ಕನೆ ನೀರಿಗೆ ಅದ್ದಬೇಕು. ಇದನ್ನು ಬಿಟ್ಟು ಮಾಲು ಕಳಿಸುವವರು ಇದ್ದಾರೆ.

ಕಾರ್ಬನ್ ಕೆಟ್ಟ ಹೀಟನ್ನು ಚರಂಡಿಗೆ ಸುರಿಯಬೇಕೇ? ಬೇಡ. ಎಚ್‌ಎಫ್ ಎಂಬ ಇನ್ನೊಂದು ಜಾತಿ ಇದೆ, ಶಾಖ ತಡೆಯುವ ಎರಕಕ್ಕೆ. ಅದರಲ್ಲಿ ಕ್ರೋಮಿಯಂ 18ರಿಂದ 23, ನಿಕಲ್ 8ರಿಂದ 12, ಕಾರ್ಬನ್ 0.20ರಿಂದ 0.40. ನಮ್ಮ 0.30ರ ಹೀಟು ಅಲ್ಲಿ ಹೆಚ್ಚುಕಮ್ಮಿ ಸರಿಯಾಗಿ ಕೂರುತ್ತದೆ! ಇಟ್ಟಿಗೆ ಹಾಗೆ ಹೊಯ್ದು, ಮೇಲೆ ಸುಣ್ಣದಲ್ಲಿ ವರದಿ ಬರೆದು, ಒಲೆಯ ಬಿಡಿಭಾಗದ ಆರ್ಡರು ಬಂದಾಗ ಬಳಸಬೇಕು. ಸಿಎಫ್8 ಎಂದು ಸುಳ್ಳು ಸರ್ಟಿಫಿಕೇಟು ಅಂಟಿಸಿ ಆಸಿಡ್ಡಿನ ಪಂಪಿಗೆ ಕಳಿಸಬಾರದು. ಇಂದು ಗ್ರಾಹಕರು ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಗನ್ನು ತರುತ್ತಾರೆ, ಒತ್ತಿದರೆ ಕ್ರೋಮಿಯಂ, ನಿಕಲ್, ಮಾಲಿಬ್ಡಿನಂ ತೋರಿಸುತ್ತದೆ. ಕಾರ್ಬನ್ ತೋರಿಸುವುದಿಲ್ಲ. ಮೋಸಗಾರನಿಗೂ ಇದು ಗೊತ್ತು. ಕುಲುಮೆಯ ಮುಂದೆ ನಿಂತವನ ಪ್ರಾಮಾಣಿಕತೆ ಅಳೆಯುವ ಜಾಗ ಅದೇ.

ಅಯಸ್ಕಾಂತದ ಕಥೆ ಇನ್ನೊಂದಿದೆ. ಒಮ್ಮೆ ಹೊರರಾಜ್ಯದ ಕಂಪನಿಯೊಂದರ ಇನ್‌ಸ್ಪೆಕ್ಟರ್ ನಾವು ಹೊಯ್ದ ಸಿಎಫ್8 ವಾಲ್ವುಗಳ ಮೇಲೆ ಅಯಸ್ಕಾಂತ ಇಟ್ಟ. ಮೆಲ್ಲಗೆ ಅಂಟಿತು. ‘ಡೂಪ್ಲಿಕೇಟ್ ಮಾಲು!’ ಎಂದು ಇಡೀ ಲಾಟು ವಾಪಸ್ಸು. ನಮ್ಮ ವರದಿ ಸರಿಯಿತ್ತು, ಅವರದೇ ಲ್ಯಾಬಿನ ವರದಿಯೂ ಸರಿಯಿತ್ತು. ಕೇಳುವ ಕಿವಿ ಇರಲಿಲ್ಲ. ಉರುಳಿಸಿ ಮಾಡಿದ 304ರ ತಗಡು ಅಯಸ್ಕಾಂತಕ್ಕೆ ಅಂಟದು, ನಿಜ. ಎರಕದ ಸಿಎಫ್8ರಲ್ಲಿ ಬೇಕೆಂದೇ ಸ್ವಲ್ಪ ಫೆರೈಟು ಉಳಿಸುತ್ತಾರೆ, ಸಾಮಾನ್ಯವಾಗಿ ನೂರಕ್ಕೆ 5ರಿಂದ 20. ಅದು ಇದ್ದರೆ ಎರಕ ತಣಿಯುವಾಗ, ಬೆಸೆಯುವಾಗ ಬಿರುಕು ಬಿಡುವುದಿಲ್ಲ. ಫೆರೈಟು ಅಯಸ್ಕಾಂತಕ್ಕೆ ಅಂಟುತ್ತದೆ. ಯಾವುದರಲ್ಲಿ ಎಷ್ಟು ಫೆರೈಟು ಬರುತ್ತದೆ ಎಂದು ಅಂದಾಜು ಮಾಡುವ ನಕ್ಷೆಯನ್ನು ಷೆಫ್ಲರ್ ಎಂಬವನು 1949ರಲ್ಲೇ ಕೊಟ್ಟಿದ್ದಾನೆ. ಅವನ ಲೆಕ್ಕದಲ್ಲಿ ಫೆರೈಟು ಕರಗಿಸುವ ಶಕ್ತಿಯಲ್ಲಿ ಒಂದು ಪಾಲು ಕಾರ್ಬನ್ ಮೂವತ್ತು ಪಾಲು ನಿಕಲ್ಲಿಗೆ ಸಮ. ಇದನ್ನು ಆ ಇನ್‌ಸ್ಪೆಕ್ಟರನಿಗೆ ಎದುರು ನಿಂತು ಹೇಳಬಲ್ಲ ಹುಡುಗ ಅವತ್ತು ನಮ್ಮ ಶೆಡ್ಡಿನಲ್ಲಿ ಇರಲಿಲ್ಲ. ಇದ್ದ ಮೆಲ್ಟರನಿಗೆ ವಿಷಯ ಗೊತ್ತಿತ್ತು, ‘ಅದು ಹಂಗೇ ಇರಬೇಕ್ರೀ ಸಾರ್, ಇಲ್ಲಾಂದ್ರೆ ಸೀಳ್ತೈತಿ’ ಎಂದ. ಕನ್ನಡದಲ್ಲಿ ಹೇಳಿದ. ಕನ್ನಡದಲ್ಲಿ ಹೇಳಿದ್ದು ಜ್ಞಾನ ಅಲ್ಲ ಎಂದು ಆ ಮಹಾಶಯ ನಕ್ಕ!

ಇಲ್ಲಿಗೆ ನಿಮ್ಮ ಪಿಸುಮಾತಿಗೆ ಉತ್ತರ ಬಂತು. ಆ ಮೆಲ್ಟರನಿಗೆ ಗೊತ್ತಿದ್ದದ್ದು ಕಣ್ಣಿನಿಂದ, ಕೈಯಿಂದ ಬಂದ ವಿದ್ಯೆ. ಅದಕ್ಕೆ ಯಾಕೆ, ಎಷ್ಟು ಎಂಬ ಲೆಕ್ಕ ಸೇರಿಸಿ ಅವನ ನುಡಿಯಲ್ಲೇ ಕೊಟ್ಟವರು ಯಾರೂ ಇಲ್ಲ. ದಾವಣಗೆರೆಯಲ್ಲಿ 1951ರಿಂದ ಎಂಜಿನಿಯರಿಂಗ್ ಕಾಲೇಜಿದೆ, ಬಿಡಿಟಿ. 1979ರಲ್ಲಿ ಬಾಪೂಜಿ ಕಾಲೇಜು ಬಂತು. ವರ್ಷ ವರ್ಷ ಮೆಕ್ಯಾನಿಕಲ್ ಹುಡುಗರು ಹೊರಬಿದ್ದು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಹೋಗಲಿ, ಹೊಟ್ಟೆಪಾಡು. ಆದರೆ ಓದುವಾಗಲಾದರೂ ಹರಿಹರದ ಒಂದು ಫೌಂಡ್ರಿಗೆ ಬಂದು, ಗೋಡೆಯ ಮೇಲೆ ಈ ಲೆಕ್ಕವನ್ನು ಕನ್ನಡದಲ್ಲಿ ಬರೆದುಕೊಟ್ಟು ಹೋಗಬಹುದಲ್ಲ? ಕುಲುಮೆ, ಎರಕ, ಅಚ್ಚು, ಕಿಟ್ಟ, ಬೆಸುಗೆ, ಹದ. ಇಷ್ಟು ಮಾತು ನಮ್ಮಲ್ಲಿ ಮೊದಲಿನಿಂದ ಇವೆ. ಫೆರೋಕ್ರೋಮಿಗೆ ಸಂಸ್ಕೃತದಲ್ಲಿ ಹೆಸರು ಹುಡುಕುವ ಸರ್ಕಸ್ಸು ಬೇಡ, ಫೆರೋಕ್ರೋಮ್ ಅಂತಲೇ ಬರೆಯಿರಿ. ಲೆಕ್ಕ ಅರ್ಥವಾದರೆ ಸಾಕು. ‘ಕುಲುಮೆ ಮುಂದೆಯೂ ಹೊರಗಿನ ಹುಡುಗರೇ ತುಂಬಿದ್ದಾರೆ’ ಎಂದು ಮೈಕಿನಲ್ಲಿ ಕೂಗುವವರಿಗೆ ಒಂದು ಮಾತು: ಆ ಶಾಖದ ಮುಂದೆ ನಿಲ್ಲಲು ನೀವು ಹೋಗಲಿಲ್ಲ, ಅವರು ಬಂದರು. ಅವರ ಮೇಲೆ ಸಿಟ್ಟು ಮಾಡಿ ಏನು ಬಂತು? ಗೋಡೆಯ ಮೇಲಿನ ಲೆಕ್ಕ ಕನ್ನಡದಲ್ಲಿದ್ದರೆ ಅವರೂ ಕನ್ನಡ ಕಲಿಯುತ್ತಾರೆ.

ಈ ಕಸುಬಿನ ಬೆನ್ನಿಗೆ ನಾಡಿನ ನೆಲವೂ ಇತ್ತು ಎಂಬುದನ್ನು ಮರೆಯಬೇಡಿ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಇದ್ದಿಲು ಹಾಕಿ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ಕರಗಿಸಿದರು. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಆ ಕಾರ್ಖಾನೆ ಮುಂದೆ ಮಿಶ್ರಲೋಹದ ಉಕ್ಕಿಗೆ ಹೆಸರಾಯಿತು. ಹಾಸನ ಜಿಲ್ಲೆಯ ಬೈರಾಪುರದಲ್ಲಿ ಕ್ರೋಮಿಯಮ್ಮಿನ ಅದಿರಿದೆ, ಸಂಡೂರಿನಲ್ಲಿ ಮ್ಯಾಂಗನೀಸ್ ಇದೆ. ಇಲ್ಲದ್ದು ನಿಕಲ್. ಅದಕ್ಕೆ ದೇಶವೇ ಹೊರಗಿನವರನ್ನು ನೆಚ್ಚಿದೆ. 2022ರ ಮಾರ್ಚ್ 8ರಂದು ಲಂಡನ್ ಲೋಹ ಮಾರುಕಟ್ಟೆಯಲ್ಲಿ ನಿಕಲ್ ಬೆಲೆ ಟನ್ನಿಗೆ ಒಂದು ಲಕ್ಷ ಡಾಲರ್ ದಾಟಿ, ವ್ಯಾಪಾರವನ್ನೇ ನಿಲ್ಲಿಸಬೇಕಾಯಿತು. ಅಲ್ಲಿ ಹಾಗೆ ಕುಣಿದರೆ ಇಲ್ಲಿ 300 ಕಿಲೋ ಕುಲುಮೆಯವನು ಒಪ್ಪಿಕೊಂಡ ಹಳೇ ದರದ ಆರ್ಡರು ಏನಾಗಬೇಕು? ಅಂಥ ದಿನಗಳಲ್ಲಿ ನಿಕಲ್ಲನ್ನು 9.5ಕ್ಕೆ ಹಾಕುವವನು ಹಾಳಾಗುತ್ತಾನೆ, 7.8ಕ್ಕೆ ಹಾಕುವವನು ಮೋಸ ಮಾಡುತ್ತಾನೆ, 8.4ಕ್ಕೆ ನಿಲ್ಲಿಸಲು ಬಲ್ಲವನು ಉಳಿಯುತ್ತಾನೆ. 300 ಕಿಲೋದಲ್ಲಿ ಒಂದು ಪರ್ಸೆಂಟು ಎಂದರೆ ಮೂರು ಕಿಲೋ ನಿಕಲ್, ಒಂದೇ ಹೀಟಿಗೆ. ಒಂದು ಶೆಡ್ಡು, ಅದರೊಳಗಿನ ಹತ್ತು ಹನ್ನೆರಡು ಮನೆಗಳ ಒಲೆ, ಆ ಪರ್ಸೆಂಟಿನ ಮೇಲೆ ನಿಂತಿರುತ್ತದೆ.

ಹೊತ್ತಾಯಿತು. ಮನೆಗೆ ಹೋಗಿ ಮಾಡಲು ಒಂದು ಲೆಕ್ಕ ಕೊಡುತ್ತೇನೆ, ಬರೆದುಕೊಳ್ಳಿ. ಸಿಎಫ್8ಎಂ ಎಂಬ ಜಾತಿ, ಬ್ಲೀಚು ಓಡಾಡುವ ಪಂಪಿಗೆ. ಅದರಲ್ಲಿ ಕ್ರೋಮಿಯಂ 18ರಿಂದ 21, ನಿಕಲ್ 9ರಿಂದ 12, ಮಾಲಿಬ್ಡಿನಂ 2ರಿಂದ 3 ಇರಬೇಕು. ಕುಲುಮೆಯಲ್ಲಿ 250 ಕಿಲೋ ಇದೆ. ವರದಿ: ಕ್ರೋಮಿಯಂ 18.1, ನಿಕಲ್ 9.1, ಮಾಲಿಬ್ಡಿನಂ 1.8. ಮಾಲಿಬ್ಡಿನಮನ್ನು 2.2ಕ್ಕೆ ಏರಿಸಬೇಕು. ನಿಮ್ಮ ಹತ್ತಿರ ಇರುವ ಫೆರೋಮಾಲಿಯಲ್ಲಿ ಶೇ. 60 ಮಾಲಿಬ್ಡಿನಂ, ಅದರಲ್ಲಿ ನೂರಕ್ಕೆ 97 ಪಾಲು ಲೋಹಕ್ಕೆ ಸೇರುತ್ತದೆ. ಎಷ್ಟು ಹಾಕಬೇಕು? ಎರಡು ಕಿಲೋ ಒಳಗೇ ಉತ್ತರ ಬರುತ್ತದೆ, ಅದು ಸುಲಭ. ಅದನ್ನು ಹಾಕಿದ ಮೇಲೆ ಕ್ರೋಮಿಯಂ ಎಷ್ಟಕ್ಕೆ ಇಳಿಯಿತು ಎಂದು ಎರಡು ದಶಮಾಂಶದವರೆಗೆ ಲೆಕ್ಕ ಹಾಕಿ ನೋಡಿ. ಆಮೇಲೆ ಆ ಹೀಟನ್ನು ಅಚ್ಚಿಗೆ ಹೊಯ್ಯುತ್ತೀರೋ ಇಲ್ಲವೋ, ನೀವೇ ಹೇಳಿ.